ಲಿಮರಿಕ್ ಮಳೆಯಲ್ಲಿ ನೆನೆದ ಬಾಣಲೆ

ಹೊರಡುವ ಮುಂಚೆ

ಬೆಳಗ್ಗೆ ಐದಕ್ಕೆ ಗಂಟೆ, ಆರಕ್ಕೆ ಹಾಜರಿ, ರಾತ್ರಿ ಒಂಬತ್ತಕ್ಕೆ ದೀಪ ಆರಿಸುವುದು. ಮೂವತ್ತೊಂದು ವರ್ಷ ನಾನು ಹೀಗೇ ಬದುಕಿದೆ. ಮೊದಲು ಜಗಳೂರಿನಲ್ಲಿ, ಆಮೇಲೆ ಚನ್ನಗಿರಿಯಲ್ಲಿ, ಹೆಣ್ಣುಮಕ್ಕಳ ಹಾಸ್ಟೆಲ್ ವಾರ್ಡನ್ ಆಗಿದ್ದೆ. ನಿವೃತ್ತಿಯಾದ ಮೇಲೆ ಸವಳಂಗದಲ್ಲಿ ತಂಗಿ ಗಂಗಮ್ಮನ ಜೊತೆ ಇದ್ದೇನೆ. ಈಗಲೂ ಐದಕ್ಕೆ ಎಚ್ಚರವಾಗುತ್ತದೆ. ಎದ್ದು, ಯಾರನ್ನು ಎಬ್ಬಿಸಲಿ ಎಂದು ಸುತ್ತ ನೋಡುತ್ತೇನೆ. ಗಂಗಮ್ಮ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಾಳೆ.

ಇಂಥ ನನ್ನನ್ನು ಐರ್ಲೆಂಡಿಗೆ ಕರೆಸಿಕೊಂಡವಳು ರತ್ನಾ. ಉಬ್ರಾಣಿಯ ಹುಡುಗಿ, ಚನ್ನಗಿರಿಯಲ್ಲಿ ಎಂಟನೇ ತರಗತಿಗೆ ನನ್ನ ಹಾಸ್ಟೆಲ್ ಸೇರಿದವಳು. ಈಗ ಲಿಮರಿಕ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್. "ಮೇಡಂ, ಎಷ್ಟ್ ವರ್ಷ ನಮ್ಮುನ್ನ ಕಾದ್ರಿ. ಹದಿನೈದು ದಿನ ನಾನು ನಿಮ್ಮುನ್ನ ನೋಡ್ಕೊಂತೀನಿ, ಬರ್ರಿ" ಎಂದು ಫೋನ್ ಮಾಡಿದಳು. ಒಪ್ಪಿಕೊಂಡೆ. ಪರದೇಶ ನೋಡುವ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಕೆಲಸವೊಂದು ಬಾಕಿ ಇತ್ತು.

ಅವಳು ಸೇರಿದ ವರ್ಷದ ಒಂದು ಶನಿವಾರ. ಶನಿವಾರ ಪೆಟ್ಟಿಗೆ ತಪಾಸಣೆ. ರತ್ನಾಳ ಟ್ರಂಕಿನಲ್ಲಿ ಹಾಲಿನ ಪುಡಿಯ ಹಳೆಯ ಡಬ್ಬಿ, ಅದರಲ್ಲಿ ಅವಳ ಅವ್ವ ಖಾರ ಹಾಕಿ ಹುರಿದು ಕಳಿಸಿದ್ದ ದನದ ಒಣಬಾಡು. ಮಾಂಸವನ್ನು ಉದ್ದಕ್ಕೆ ಸೀಳಿ, ಉಪ್ಪು ಅರಿಶಿನ ಹಚ್ಚಿ, ಹಗ್ಗದ ಮೇಲೆ ಒಣಗಿಸಿ ಇಟ್ಟುಕೊಳ್ಳುವುದು ನಮ್ಮ ಮನೆಗಳ ಪದ್ಧತಿ. ಹೌದು, ನಮ್ಮ ಮನೆಗಳದು. ಡಬ್ಬಿ ತೆಗೆಯುವ ಮೊದಲೇ ವಾಸನೆಯಿಂದ ನನಗೆ ಗೊತ್ತಾಗಿತ್ತು. ನಾನು ಓದುವಾಗ ನನ್ನ ಅವ್ವನೂ ಅದನ್ನೇ ಕಟ್ಟಿಕೊಡುತ್ತಿದ್ದಳು. ಆದರೆ ಸಾಲಾಗಿ ನಿಂತ ಹುಡುಗಿಯರು ಮೂಗು ಮುಚ್ಚಿಕೊಂಡಿದ್ದರು, ಅಡುಗೆಯವರು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. "ಇಂಥದ್ದೆಲ್ಲ ಇಲ್ಲಿ ನಡೆಯೋದಿಲ್ಲ" ಎಂದು ಎಲ್ಲರೆದುರು ಹೇಳಿದೆ. ಬಾಡನ್ನು ಚೆಲ್ಲಿಸಿದೆ. ಡಬ್ಬಿಯನ್ನು ಹೊರಗಿನ ನಲ್ಲಿಯಲ್ಲಿ ಅವಳ ಕೈಯಲ್ಲೇ ತೊಳೆಸಿ, ಹಿತ್ತಲ ಗೋಡೆಯ ಮೇಲೆ ಬೋರಲು ಇಡಿಸಿದೆ. ವಾರಗಟ್ಟಲೆ ಅದು ಅಲ್ಲೇ ಇತ್ತು. ಹುಡುಗಿ ಅಳಲಿಲ್ಲ. ಅತ್ತಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಅವಳಿಗೆ ಅದು ನೆನಪಿದೆಯೋ ಇಲ್ಲವೋ ಆಗ ತಿಳಿದಿರಲಿಲ್ಲ. ನನಗಿತ್ತು. ತಪ್ಪಾಯಿತು ಎಂದು ಹೇಳಿ ಬರಬೇಕೆಂದು ನಿಶ್ಚಯಿಸಿ, ಪ್ರವಾಸದ ಪುಸ್ತಕದಲ್ಲಿ ಎರಡನೇ ದಿನದ ಎದುರು ಬರೆದುಕೊಂಡೆ: "ಬೆಳಿಗ್ಗೆ ಹತ್ತು ಗಂಟೆ, ರತ್ನಾಗೆ ವಿಷಯ ಹೇಳುವುದು."

ಡಬ್ಲಿನ್

ವಿಮಾನ ನಿಲ್ದಾಣದಲ್ಲಿ ಕೆಂಪು ಗಡ್ಡದ ಅಧಿಕಾರಿಯೊಬ್ಬ ನನ್ನ ಚೀಲದ ಮೇಲೆ ಕೈಯಿಟ್ಟು, ಮಾಂಸ ಅಥವಾ ಹಾಲಿನ ಪದಾರ್ಥ ಏನಾದರೂ ಇದೆಯೇ ಎಂದು ಕೇಳಿದ. ಎಲ್ಲರಿಗೂ ಕೇಳುವ ಪ್ರಶ್ನೆಯೇ. ನಾನು ಮಾತ್ರ "ನೋ ಮೀಟ್, ನೋ ಮೀಟ್, ನೋ ಮೀಟ್" ಎಂದು ಮೂರು ಸಲ ಹೇಳಿದೆ. ಅಷ್ಟು ಗಟ್ಟಿಯಾಗಿ ಹೇಳಿದವರ ಚೀಲ ಯಾರು ತಾನೇ ಬಿಚ್ಚದೆ ಬಿಡುತ್ತಾರೆ? ಬಿಚ್ಚಿದ. ಹತ್ತಿಯಂತೆ ಹಗುರವಾದ ಮಂಡಕ್ಕಿಯ ಚೀಲ ಎತ್ತಿ ಇದೇನೆಂದ. ಅಕ್ಕಿ ಎಂದೆ. ಮತ್ತೊಮ್ಮೆ ತೂಗಿ ನೋಡಿ, ನನ್ನ ಮುಖ ನೋಡಿ, "ಗ್ರ್ಯಾಂಡ್" ಎಂದು ಕಳಿಸಿಕೊಟ್ಟ.

ಈ ಗ್ರ್ಯಾಂಡ್ ಎಂಬುದು ಆ ದೇಶದ ಉಪ್ಪಿನಂಥ ಮಾತು, ಎಲ್ಲದಕ್ಕೂ ಬೀಳುತ್ತದೆ. ಮಳೆ ಬಂದರೂ ಗ್ರ್ಯಾಂಡ್, ನಿಂತರೂ ಗ್ರ್ಯಾಂಡ್. ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಂಟುವ ಮುದುಕನನ್ನು ಹೇಗಿದ್ದೀರಿ ಎಂದರೂ ಅದೇ ಉತ್ತರ. ನಮ್ಮ ಕಡೆ "ಆಗ್ಲಿ ಬಿಡ್ರಿ" ಎನ್ನುವುದಿಲ್ಲವೇ, ಹಾಗೆ.

ಲಿಮರಿಕ್

ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಚಾಲಕನಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಶಾಲೆಯ ಮಕ್ಕಳು, ಕೋಲೂರುವವರು, ಕಿವಿಗೆ ಏನನ್ನೋ ತುರುಕಿಕೊಂಡವರು, ಯಾರೂ ಬಿಡುವುದಿಲ್ಲ. ಸಾಲಾಗಿ ನಿಂತು ಒಬ್ಬೊಬ್ಬರಾಗಿ ಹೇಳುವುದನ್ನು ನೋಡಿ ನನಗೆ ಹಾಜರಿ ನೆನಪಾಗಿ ಬಹಳ ಸಂತೋಷವಾಯಿತು. ಸವಳಂಗದಲ್ಲಿ ಬಸ್ಸು ಪೂರ್ತಿ ನಿಲ್ಲುವುದರೊಳಗೆ ಇಳಿಯಬೇಕು. ಧನ್ಯವಾದ ಹೇಳಬೇಕಾದದ್ದು ದೇವರಿಗೆ.

ರತ್ನಾ ನಿಲ್ದಾಣಕ್ಕೆ ಬಂದಿದ್ದಳು. ಕೂದಲು ಕತ್ತರಿಸಿಕೊಂಡು ಮಳೆ ಕೋಟು ತೊಟ್ಟಿದ್ದಳು, ಆದರೆ ನಗು ಮಾತ್ರ ಟ್ರಂಕು ಹೊತ್ತು ಬಂದ ದಿನದ್ದೇ. "ಮೇಡಂ, ಹತ್ತು ನಿಮಿಷ ಲೇಟ್ ಬಂದೀರಿ. ಗೇಟ್ ಹಾಕಿಬಿಡ್ಲಾ?" ಎಂದು ಕಾಲು ಮುಟ್ಟಿದಳು. ನಾನು ತಡವಾಗಿ ಬಂದ ಹುಡುಗಿಯರನ್ನು ಗೇಟಿನಾಚೆ ನಿಲ್ಲಿಸುತ್ತಿದ್ದುದನ್ನು ಅವಳು ಮರೆತಿಲ್ಲ. ಹಾಗಾದರೆ ಇನ್ನೊಂದನ್ನೂ ಮರೆತಿರಲಾರಳು ಎಂದು ಮನಸ್ಸು ಮುದುಡಿತು.

ಊರ ನಡುವೆ ಶಾನನ್ ನದಿ. ಹೊನ್ನಾಳಿ ಸೇತುವೆಯ ಮೇಲಿಂದ ತುಂಗಭದ್ರೆ ಕಂಡ ಹಾಗೇ ಕಾಣುತ್ತದೆ, ಬಟ್ಟೆ ಒಗೆಯುವವರು ಮಾತ್ರ ಇಲ್ಲ. ಜಗಳೂರಿನಲ್ಲಿದ್ದಾಗ ನಾವು ಮಳೆಗಾಗಿ ಆಕಾಶ ನೋಡುತ್ತಿದ್ದೆವು. ಇಲ್ಲಿನವರು ಬಿಸಿಲಿಗಾಗಿ ನೋಡುತ್ತಾರೆ. ಇದ್ದರೂ ದೂರು, ಇಲ್ಲದಿದ್ದರೂ ದೂರು, ಮನುಷ್ಯರು ಎಲ್ಲ ಕಡೆ ಒಂದೇ. ಅದು ಜೂನ್ ತಿಂಗಳು. ರಾತ್ರಿ ಒಂಬತ್ತಕ್ಕೆ ದೀಪ ಆರಿಸೋಣವೆಂದರೆ ದೀಪವನ್ನೇ ಹಚ್ಚಿರಲಿಲ್ಲ, ಹೊರಗೆ ಇನ್ನೂ ಬಿಸಿಲು. ನನ್ನ ವೇಳಾಪಟ್ಟಿಗೆ ಮೊದಲ ಪೆಟ್ಟು ಕೊಟ್ಟವನು ಸೂರ್ಯ.

ಎರಡನೇ ದಿನ ಬೆಳಿಗ್ಗೆ ಹತ್ತಕ್ಕೆ ರತ್ನಾ ಡ್ಯೂಟಿಯಲ್ಲಿದ್ದಳು. ಮೂರನೇ ದಿನ ಹತ್ತಕ್ಕೆ ಮನೆಯಲ್ಲೇ ಇದ್ದಳು, ನಾನು ಹವಾಮಾನದ ಬಗ್ಗೆ ಮಾತಾಡಿದೆ. ಪುಸ್ತಕದಲ್ಲಿ ಗೀಟು ಹೊಡೆದು ಮುಂದಿನ ದಿನಕ್ಕೆ ಬರೆದೆ.

ಮಾಂಸದ ಅಂಗಡಿ

ಬುಧವಾರ ರತ್ನಾಗೆ ರಜೆ. ಮಾಂಸ ತರಲು ಹೊರಟೆವು. ಅಂಗಡಿ ದೊಡ್ಡ ಬೀದಿಯಲ್ಲೇ, ಚರ್ಚಿನ ಎದುರಿಗೇ ಇದೆ. ಬಂಗಾರದಂಗಡಿಯಂತೆ ಗಾಜು, ಒಳಗೆ ದೀಪ, ತಟ್ಟೆಗಳಲ್ಲಿ ಮಾಂಸ, ನಡುನಡುವೆ ಹಸಿರು ಸೊಪ್ಪಿನ ಅಲಂಕಾರ. ಸಾಲಿನಲ್ಲಿ ಮುತ್ತಿನ ಸರ ಹಾಕಿಕೊಂಡ ಅಜ್ಜಿ, ಅವರ ಹಿಂದೆ ಪಾದ್ರಿ, ಆಮೇಲೆ ನಾವು. ನಮ್ಮ ಕಡೆ ದೊಡ್ಡ ಬಾಡು, ಅಂದರೆ ದನದ ಮಾಂಸ, ತರುವವರು ಊರಾಚೆ ಹೋಗಿ, ಕಪ್ಪು ಕವರಿನಲ್ಲಿ ಹಾಕಿಸಿ, ಕವರಿಗೆ ಪೇಪರು ಸುತ್ತಿ, ಪೇಪರನ್ನು ಬಟ್ಟೆಯ ಚೀಲದಲ್ಲಿಟ್ಟು, ಮೇಲೆ ಎರಡು ಕಟ್ಟು ಮೆಂತ್ಯ ಸೊಪ್ಪು ಹಾಕಿಕೊಂಡು ಬರುತ್ತಿದ್ದರು. ಎದುರಿಗೆ ಸಿಕ್ಕವರು "ಏನ್ ಸಂತೆ?" ಎಂದರೆ "ಮೆಂತ್ಯ ಸೊಪ್ಪು" ಎನ್ನಬೇಕು.

ಅಂಗಡಿಯವನು ಏನು ಅಡುಗೆ ಎಂದು ವಿಚಾರಿಸಿದ. ಫ್ರೈಡ್ ರೈಸ್ ಎಂದಳು ರತ್ನಾ. ಎಳೆಗೆ ಅಡ್ಡಲಾಗಿ ತೆಳ್ಳಗೆ ಹೆಚ್ಚಬೇಕು, ಇಲ್ಲದಿದ್ದರೆ ನಾರು ನಾರಾಗುತ್ತದೆ ಎಂದು ಬುದ್ಧಿ ಹೇಳಿ, ಬಿಳಿ ಕಾಗದದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟ. ಹತ್ತು ಹೆಜ್ಜೆ ನಡೆದಿರಬಹುದು, ರತ್ನಾ ನಿಂತು ನಗತೊಡಗಿದಳು.

"ಮೇಡಂ, ಅದನ್ನ ಸೆರಗ್ನಾಗೆ ಯಾಕೆ ಮುಚ್ಕೊಂಡೀರಿ? ಕೋಳಿ ಕದ್ದೋರಂಗೆ ಕಾಣ್ತೀರಿ!"

ನೋಡಿದರೆ ಹೌದು, ಕೋಟಿನೊಳಗೆ, ಸೆರಗಿನ ಕೆಳಗೆ ಪೊಟ್ಟಣ ಇಟ್ಟುಕೊಂಡಿದ್ದೆ. ಯಾವಾಗ ಇಟ್ಟೆನೋ ಗೊತ್ತಿಲ್ಲ.

"ಮಳೆ ಬರ್ತೈತೆ, ನೆನೀಬಾರ್ದು ಅಂತ."

"ಮಳೇನೂ ಇಲ್ಲ, ಗಿಳೇನೂ ಇಲ್ಲ. ನಡೀರಿ ಸಾಕು."

ಒಂದೇ ಬಾಣಲೆ

ರತ್ನಾಳ ಅಡುಗೆಮನೆಯಲ್ಲಿ ಒಲೆಯ ಪಕ್ಕ ಒಂದು ಮೊಳೆ, ಮೊಳೆಯಲ್ಲಿ ಒಂದು ಕಬ್ಬಿಣದ ಬಾಣಲೆ. ಚಪ್ಪಟೆ ತಳ, ಎರಡು ಕಿವಿ, ಕಾಡಿಗೆಯಂಥ ಕಪ್ಪು. ಕೈಗೆ ತೆಗೆದುಕೊಂಡ ಕೂಡಲೇ ಇದು ಐರ್ಲೆಂಡಿನದಲ್ಲ ಎಂದು ಗೊತ್ತಾಯಿತು.

"ನಮ್ಮವ್ವಂದು" ಎಂದಳು. "ಉಬ್ರಾಣಿಯಾಗೆ ಹಿತ್ತಲ ಗೋಡೆ ಮ್ಯಾಲೆ ಇರ್ತಿತ್ತು. ಬಾಡಿನ ಬಾಣ್ಲಿ ಒಳಗೆ ತರಂಗಿಲ್ಲ, ಯಾರರ ಬಂದ್ರೆ ಕಾಣಬಾರ್ದು ಅಂತ. ಅವ್ವ ಹೋದ್ಮೇಲೆ ಅಣ್ಣ, ಏನ್ ಬೇಕು ತಗಳವ್ವ ಅಂದ. ಗೋಡೆ ಮ್ಯಾಗಿಂದು ಕೊಡು ಅಂದೆ. ಇಲ್ಲಿಗೆ ಬಂದು ಮೊದ್ಲು ಮಾಡಿದ ಕೆಲ್ಸ ಅಂದ್ರೆ ಈ ಮೊಳೆ ಹೊಡದಿದ್ದು ಮೇಡಂ. ಬಟ್ಟೆ ಪೆಟ್ಟಿಗೇನೂ ಬಿಚ್ಚಿರ್ಲಿಲ್ಲ."

ನಮ್ಮ ಮನೆಯದೂ ಗೋಡೆಯ ಮೇಲೇ ಇತ್ತು, ನಾನು ಹೊರಟು ಬರುವಾಗಲೂ ಅಲ್ಲೇ ಇತ್ತು. ಹೇಳಬೇಕಾದ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ತೆರೆಯಲಾರದು. ನಾನು "ಅನ್ನ ಎಲ್ಲಿ?" ಎಂದೆ.

ಅನ್ನ ಹಿಂದಿನ ದಿನದ್ದು, ಫ್ರಿಜ್ಜಿನಲ್ಲಿತ್ತು. ತಂಗಳನ್ನದಲ್ಲಿ ಅತಿಥಿಗೆ ಅಡುಗೆಯೇ ಎಂದರೆ, "ಬಿಸಿ ಅನ್ನ ಹಾಕಿದ್ರೆ ಮುದ್ದೆ ಆಗ್ತೈತೆ ಮೇಡಂ. ತಂಗಳೇ ಉದುರುದುರು ಬರೋದು" ಎಂದಳು. ಮಾಂಸವನ್ನು ತೆಳ್ಳಗೆ ಹೆಚ್ಚಿ, ಸೋಯಾ ಸಾಸು, ಕರಿಮೆಣಸಿನ ಪುಡಿ, ಒಂದು ಚಮಚ ಕಾರ್ನ್‌ಫ್ಲೋರ್ ಕಲಸಿ ಹತ್ತು ನಿಮಿಷ ಇಟ್ಟಳು. ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಮಾಂಸ. ಹರಡಿದವಳು ಕೈ ಕಟ್ಟಿ ನಿಂತಳು. ನಾನು ಸೌಟು ಹಾಕಲು ಹೋದರೆ ತಡೆದಳು. "ಸುಮ್ನಿರ್ರಿ ಮೇಡಂ, ಒಂದ್ ನಿಮಿಷ ಮುಟ್ಟಬಾರ್ದು. ಕೆಂಪಗಾಗ್ಬೇಕು."

ಕೆಂಪಗಾದ ಮೇಲೆ ಮಾಂಸವನ್ನು ಬಾಣಲೆಯ ಒಂದು ಮಗ್ಗುಲಿಗೆ ಸರಿಸಿ, ಖಾಲಿಯಾದ ಜಾಗದಲ್ಲಿ ಎರಡು ಮೊಟ್ಟೆ ಒಡೆದಳು. ಮೊಟ್ಟೆ ಉದುರಾದ ಮೇಲೆ ಅದೂ ಮಗ್ಗುಲಿಗೆ. ಬೆಳ್ಳುಳ್ಳಿ, ಶುಂಠಿ, ಈರುಳ್ಳಿ ನಡುವಿಗೆ. ನನ್ನ ಹಾಸ್ಟೆಲ್ ಅಡುಗೆಮನೆಯಲ್ಲಿ ಅನ್ನಕ್ಕೊಂದು, ಸಾರಿಗೊಂದು, ಪಲ್ಯಕ್ಕೊಂದು ಪಾತ್ರೆ, ಒಂದರ ಸೌಟು ಇನ್ನೊಂದಕ್ಕೆ ಹೋದರೆ ಅಡುಗೆಯವರಿಗೆ ನನ್ನಿಂದ ಬೈಗುಳ. ಇಲ್ಲಿ ಎಲ್ಲವೂ ಒಂದರಲ್ಲೇ. ತಡೆಯಲಾರದೆ ಕೇಳಿದೆ, "ಬೇರೆ ಪಾತ್ರೆ ಇಲ್ಲೇನೇ?"

"ಅದಾವೆ. ಹನ್ನೆರ್ಡ್ ತಾಸು ಡ್ಯೂಟಿ ಮಾಡಿ ಬಂದೋಳು ತೊಳ್ಯಾಕೆ ಎಷ್ಟ್ ಪಾತ್ರೆ ಇಟ್ಕಬೇಕು ಹೇಳ್ರಿ?"

ಬಟಾಣಿ ಬಿತ್ತು, ಅನ್ನ ಬಿತ್ತು, ಬಾಣಲೆಯ ಅಂಚಿನ ಸುತ್ತ ಸೋಯಾ ಸಾಸು ಬಿದ್ದು ಚುಂಯ್ ಎಂದಿತು. ಒಂದು ಚಿಟಿಕೆ ಉಬ್ರಾಣಿಯ ಮಸಾಲೆ ಖಾರ. ಕೊನೆಗೆ ಈರುಳ್ಳಿ ಸೊಪ್ಪು. ಶುರುವಿನಿಂದ ಕೊನೆಯವರೆಗೆ ಇಪ್ಪತ್ತು ನಿಮಿಷ, ಗಡಿಯಾರ ನೋಡಿದ್ದೇನೆ. ಎರಡು ಸಲ ಹಾಕಿಸಿಕೊಂಡು ಉಂಡೆ. ಬಾಣಲೆಗೆ ಹತ್ತಿದ ಅನ್ನವನ್ನು ಕೆರೆದುಕೊಟ್ಟಾಗ ಅದನ್ನೂ ಉಂಡೆ. ಅದರಲ್ಲಿ ನನ್ನ ಅವ್ವನ ಕೈರುಚಿ ಇತ್ತು.

ವಿಷಯ ಹೇಳಲಿಲ್ಲ. ಹೊಟ್ಟೆ ತುಂಬಿದಾಗ ಧೈರ್ಯ ಬರುತ್ತದೆ ಎನ್ನುತ್ತಾರೆ. ನನಗೆ ನಿದ್ದೆ ಬಂತು.

ಭಾನುವಾರ

ಭಾನುವಾರ ಬೆಳಿಗ್ಗೆ ಅರ್ಧ ದಿನದ ಡ್ಯೂಟಿಗೆ ಹೊರಡುವಾಗ ರತ್ನಾ ಹೇಳಿದಳು: "ಮಧ್ಯಾಹ್ನ ಸುಜಾತ ಊಟಕ್ಕೆ ಬರ್ತಾಳೆ ಮೇಡಂ, ನನ್ ಫ್ರೆಂಡು. ಹೊನ್ನಾಳಿಯೋಳು, ಅವರ ಮನೇದು ಅಡಿಕೆ ಯಾಪಾರ. ಬಾಡು ಹೆಚ್ಚಿಟ್ಟೀನಿ, ನಾನೇ ಬಂದು ಮಾಡ್ತೀನಿ."

ಹೊನ್ನಾಳಿ, ಅಡಿಕೆ ವ್ಯಾಪಾರ. ಕೊರಳಲ್ಲಿ ಲಿಂಗ ಕಟ್ಟುವ ಮನೆತನವೆಂದು ಬಿಡಿಸಿ ಹೇಳಬೇಕಿರಲಿಲ್ಲ. ಬಾಗಿಲು ಮುಚ್ಚಿದ್ದೇ ತಡ ನಾನು ಎದ್ದೆ. ಯೋಚಿಸಿ ಮಾಡಿದ್ದಲ್ಲ, ಬೆಳಿಗ್ಗೆ ಐದಕ್ಕೆ ಏಳುವುದಕ್ಕೆ ಯಾರಾದರೂ ಯೋಚಿಸುತ್ತಾರೆಯೇ? ಮಾಂಸದ ಡಬ್ಬಿಯನ್ನು ಫ್ರಿಜ್ಜಿನ ತಳಕ್ಕೆ ತಳ್ಳಿ ಮೇಲೆ ಸೊಪ್ಪು ಮುಚ್ಚಿದೆ. ಕಿಟಕಿ ತೆರೆದೆ. ಒಲೆಗೆ ನಿಂಬೆಹಣ್ಣು ಉಜ್ಜಿದೆ. ಬಾಣಲೆಯನ್ನು ಮೊಳೆಯಿಂದ ಇಳಿಸಿ ಸೋಪು ಹಾಕಿ ತೊಳೆದು, ಹಿತ್ತಲ ಗೋಡೆಯ ಮೇಲೆ ಬೋರಲು ಹಾಕಿ ಬಂದೆ. ಸ್ಟೀಲ್ ಪಾತ್ರೆಯಲ್ಲಿ ಚಿತ್ರಾನ್ನ ಕಲಸಿದೆ. ಎಲ್ಲ ಮುಗಿದ ಮೇಲೆ, ಊರಿನಿಂದ ತಂದಿದ್ದ ಊದುಬತ್ತಿ ಆರನ್ನು ಒಟ್ಟಿಗೇ ಹಚ್ಚಿದೆ.

ಚಾವಣಿಗೆ ಅಂಟಿಸಿದ್ದ ಬಿಳಿ ಬಿಲ್ಲೆಯೊಂದು ಕಿವಿ ಹರಿಯುವಂತೆ ಕೂಗತೊಡಗಿತು. ಹೊಗೆ ಕಂಡರೆ ಕೂಗುವ ಯಂತ್ರವಂತೆ, ನನಗೇನು ಗೊತ್ತು? ಪಕ್ಕದ ಮನೆಯ ಮುದುಕರೊಬ್ಬರು ಚಪ್ಪಲಿಯಲ್ಲೇ ಓಡಿ ಬಂದರು. ಕುರ್ಚಿ ಹತ್ತಿ ಟವೆಲ್ ಬೀಸಿದರು, ನಾನು ಕೆಳಗಿನಿಂದ ಸೆರಗು ಬೀಸಿದೆ. ಕೂಗು ನಿಂತಾಗ ಅವರು ಉಸಿರು ಬಿಟ್ಟು "ಗ್ರ್ಯಾಂಡ್" ಎಂದರು. ಈ ಗಲಾಟೆಯಲ್ಲಿ ಮಳೆ ಶುರುವಾದದ್ದನ್ನು ನಾನು ನೋಡಲೇ ಇಲ್ಲ.

ಎರಡಕ್ಕೆ ಇಬ್ಬರೂ ಜೊತೆಯಾಗಿ ಬಂದರು. ಸುಜಾತ ದುಂಡು ಮುಖದ, ಮಾತಿನ ಮಲ್ಲಿ. "ನಮಸ್ಕಾರ ರೀ ಮೇಡಂ! ಊದುಬತ್ತಿ ಕಾರ್ಖಾನಿ ತೆಗದಂಗೈತೆ?" ಎನ್ನುತ್ತ ತನ್ನ ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ರತ್ನಾ ಮೊಳೆಯ ಕಡೆ ನೋಡಿದಳು.

"ಬಾಣ್ಲಿ ಎಲ್ಲಿ ಮೇಡಂ?"

ನಾನು ಬಾಗಿಲ ಕಡೆ ಕೈ ತೋರಿಸಿದೆ. ಅವಳು ಹಿತ್ತಲ ಬಾಗಿಲು ತೆರೆದು ಹೊಸ್ತಿಲಲ್ಲೇ ನಿಂತಳು. ಗೋಡೆಯ ಮೇಲೆ ಬಾಣಲೆ, ಬಾಣಲೆಯ ಮೇಲೆ ಮಳೆ. ಆ ಬೆನ್ನನ್ನು ನಾನು ಹಿಂದೊಮ್ಮೆ ನೋಡಿದ್ದೆ, ಚನ್ನಗಿರಿಯ ನಲ್ಲಿಯ ಹತ್ತಿರ.

"ನನ್ ಡಬ್ಬೀನೂ ಹಿಂಗೇ ಇಡ್ಸಿದ್ರಿ ಮೇಡಂ" ಎಂದಳು, ತಿರುಗದೆ.

ಸುಜಾತಳಿಗೆ ಎಲ್ಲವೂ ಅರ್ಥವಾಗಿರಬೇಕು. ಮೆತ್ತಗೆ ಹೇಳಿದಳು: "ನನ್ ಸಲುವಾಗಿ ಹೊರಗಿಟ್ರಾ? ಮೂರು ವರ್ಷದಿಂದ ಇದೇ ಮೇಜಿನ ಮ್ಯಾಲೆ ಉಣ್ತೀವಿ ಮೇಡಂ. ಅವಳದು ಅವಳ ಬಾಣ್ಲಿ, ನಂದು ನನ್ ಡಬ್ಬಿ. ಮೊದಲ್ನೇ ವಾರನೇ ಮಾತಾಡ್ಕೊಂಡೀವಿ. ನೀವು ಕೇಳಬೌದಿತ್ತು."

ಕೇಳಬಹುದಿತ್ತು. ನಾನು ಯಾರನ್ನೂ ಕೇಳಿದವಳಲ್ಲ. ಗಂಟೆ ಹೊಡೆದು ರೂಢಿ.

ಮಳೆಗೆ ಇಳಿದು ಹೋಗಿ ಬಾಣಲೆ ತಂದೆ. ಎರಡೇ ತಾಸಿನ ಮಳೆಗೆ ಅಂಚಿಗೆಲ್ಲ ಕೆಂಪು ತುಕ್ಕು. ನಾನೇ ನಿಂಬೆ ಸೋಪು ಹಾಕಿ ಎಣ್ಣೆಯ ಪಸೆ ತೆಗೆದಿದ್ದೆನಲ್ಲ. ಅದನ್ನು ಹಿಡಿದುಕೊಂಡೇ ಹೇಳಿದೆ, ಬರೆದುಕೊಂಡಿದ್ದ ಮಾತು ಒಂದೂ ಬರಲಿಲ್ಲ.

"ಆ ಡಬ್ಬಿ ವಾಸನೆ ಮುಚ್ಚಳ ತೆಗೆಯೋಕೆ ಮುಂಚೆನೇ ನಂಗೆ ಗೊತ್ತಾಗಿತ್ತು ರತ್ನಾ. ನಮ್ಮವ್ವನೂ ಅದನ್ನೇ ಕಟ್ಕೊಡ್ತಿದ್ಲು. ನಾನೂ ಅದೇ ಮನೆಯೋಳು ಅಂತ ಯಾರೂ ಆಡ್ಕೋಬಾರ್ದು ಅಂತ ನಿನ್ನ ಊಟ ಚೆಲ್ಲಿಸ್ದೆ. ತಪ್ಪು ಮಾಡ್ದೆ. ಅದನ್ನ ಹೇಳಾಕೇ ಇಷ್ಟು ದೂರ ಬಂದೆ, ಇಲ್ಲೂ ಅದನ್ನೇ ಮಾಡ್ದೆ."

ರತ್ನಾ ತಿರುಗಿದಳು. ಕಣ್ಣು ತುಂಬಿದ್ದವು. "ಎಲ್ರಿಗೂ ಗೊತ್ತಿತ್ತು ಮೇಡಂ, ನೀವ್ ನಮ್ಮೋರು ಅಂತ. ಅದಕ್ಕೇ ಜಾಸ್ತಿ ಉರೀತು. ನಮ್ಮ ಮೇಡಂ ಅದಾರೆ, ಹೆದರಬ್ಯಾಡ ಅಂತ ಅವ್ವ ಕಟ್ಟಿ ಕಳ್ಸಿದ್ಲು."

ಕೈಗೆ ಕೆಲಸ ಗೊತ್ತಿತ್ತು. ಹುಣಿಸೆಹಣ್ಣು, ಕಲ್ಲುಪ್ಪು ಕೇಳಿದೆ, ತಂದುಕೊಟ್ಟಳು. ಸೆರಗು ಸಿಕ್ಕಿಸಿ ಉಜ್ಜಿದೆ. ನೀರು ಕಪ್ಪಾಗಿ, ಕೆಂಪಾಗಿ, ಕೊನೆಗೆ ತಿಳಿಯಾಯಿತು. ಬಾಣಲೆಯನ್ನು ಒಲೆಯ ಮೇಲೆ ಒಣಗಿಸಿ, ಎಣ್ಣೆ ಸವರಿ ಕಾಯಿಸಿ, ಈರುಳ್ಳಿಯ ತುಂಡೊಂದನ್ನು ಹುರಿದು ಚೆಲ್ಲಿ, ಮತ್ತೆ ಎಣ್ಣೆ ಸವರಿದೆ. ಮೂರನೇ ಸಲಕ್ಕೆ ಕಪ್ಪು ತಿರುಗಿ ಬಂತು. ಅಷ್ಟು ಹೊತ್ತೂ ರತ್ನಾ ಬಾಗಿಲಿಗೆ ಒರಗಿ ನಿಂತೇ ಇದ್ದಳು.

"ಇವತ್ತು ನಾನು ಮಾಡ್ತೀನಿ. ನೀನು ಕೂತ್ಕೋ" ಎಂದೆ.

"ಕೂರಂಗಿಲ್ಲ. ಇವತ್ತು ನಾನು ವಾರ್ಡನ್" ಎಂದು ಮೂಗು ಒರೆಸಿಕೊಂಡು ಸೊಂಟದ ಮೇಲೆ ಕೈಯಿಟ್ಟಳು. "ಈರುಳ್ಳಿ?"

"ಹಾಜರ್ ಮೇಡಂ!" ಎಂದಳು ಸುಜಾತ, ಹೆಚ್ಚುತ್ತಿದ್ದಲ್ಲಿಂದ.

"ಬೆಳ್ಳುಳ್ಳಿ?"

"ಹಾಜರ್!"

"ಬಾಡು?"

ಅದು ಸೊಪ್ಪಿನ ಕೆಳಗಿತ್ತು. ನಾನೇ ತೆಗೆದುಕೊಟ್ಟು "ಹಾಜರ್" ಎಂದೆ. ಮೂವರೂ ನಕ್ಕೆವು.

ಅವಳು ಹೇಳಿದಂತೆ ಮಾಡಿದೆ. ಒಂದು ನಿಮಿಷ ಮುಟ್ಟಲಿಲ್ಲ. ಮೇಜಿನ ಮೇಲೆ ಬಾಣಲೆಯನ್ನೇ ತಂದಿಟ್ಟೆವು. ಸುಜಾತ ತನ್ನ ಡಬ್ಬಿಯ ರೊಟ್ಟಿಯ ಜೊತೆ ನನ್ನ ಚಿತ್ರಾನ್ನ ಹಾಕಿಸಿಕೊಂಡಳು. ರತ್ನಾ ಮೊದಲ ತುತ್ತು ಬಾಯಿಗಿಟ್ಟು ಅಗಿದಳು. ನಾನು ನನ್ನ ತಟ್ಟೆ ಮುಟ್ಟಿರಲಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಊಟದ ಬಗ್ಗೆ ಯಾರೂ ಮಾತಾಡಕೂಡದು, ಕೊಟ್ಟದ್ದನ್ನು ಉಣ್ಣಬೇಕು; ಅದು ನಾನೇ ಗೋಡೆಗೆ ಬರೆಸಿದ್ದ ನಿಯಮ. ಮೂವತ್ತೊಂದು ವರ್ಷದಲ್ಲಿ ಒಬ್ಬ ಹುಡುಗಿಯೂ ಮುರಿದದ್ದಿಲ್ಲ.

"ಉಪ್ಪು ಕಮ್ಮಿ ಐತೆ ಮೇಡಂ" ಎಂದಳು ರತ್ನಾ. ಎಂದು, ಇನ್ನೊಂದು ಸೌಟು ಹಾಕಿಕೊಂಡಳು.

ಪುಸ್ತಕದಲ್ಲಿ ಆ ದಿನ ಗೀಟು ಹೊಡೆಯಲಿಲ್ಲ. ಸರಿ ಗುರುತು ಹಾಕಿದೆ.

ಸವಳಂಗ

ಊರಿಗೆ ಬಂದಾಗ ನಮ್ಮ ಬಾಣಲೆ ಹಿತ್ತಲ ಗೋಡೆಯ ಮೇಲೇ ಇತ್ತು. ಬಸ್ಸು ಇಳಿಯುವಾಗ ಚಾಲಕನಿಗೆ ಥ್ಯಾಂಕ್ಸ್ ಹೇಳಿದೆ. ಅವನು ಏನೋ ಮರೆತು ಇಳಿದೆನೆಂದು ತಿಳಿದು ಸೀಟಿನ ಕೆಳಗೆಲ್ಲ ಹುಡುಕಿದ. ಮನೆಗೆ ಹೋದವಳೇ ಬಾಣಲೆಯನ್ನು ಇಳಿಸಿ, ಹುಣಿಸೆಹಣ್ಣು ಹಾಕಿ ಉಜ್ಜಿ, ಅಡುಗೆಮನೆಯಲ್ಲಿ ಒಲೆಯ ಪಕ್ಕ ಮೊಳೆ ಹೊಡೆದು ತೂಗುಹಾಕಿದೆ. ಈಗ ಇಲ್ಲಿ ದೊಡ್ಡ ಬಾಡು ಸಿಗುವುದೇ ಅಪರೂಪ. ಅವತ್ತು ಕೋಳಿ ಹಾಕಿ, ತಂಗಳನ್ನ ಹಾಕಿ, ಎಲ್ಲವನ್ನೂ ಅದೊಂದರಲ್ಲೇ ಮಾಡಿದೆ.

ಗಂಗಮ್ಮ ಮೊಳೆಯನ್ನೊಮ್ಮೆ, ಬೀದಿ ಬಾಗಿಲನ್ನೊಮ್ಮೆ ನೋಡಿದಳು. ಅಲ್ಲಿ ನಿಂತವರಿಗೆ ಬಾಣಲೆ ನೇರವಾಗಿ ಕಾಣುತ್ತದೆ.

"ಬಂದೋರು ಏನಂತಾರಕ್ಕ?"

"ಕೂತು ಉಂಡ್ರೆ, ಉಪ್ಪು ಕಮ್ಮಿ ಅಂತಾರೆ" ಎಂದೆ. "ಹಾಕ್ಕೊಂಡ್ ಉಣ್ಲಿ."